ಬೀಸಣಿಗೆ ನಡೆದ ಇಪ್ಪತ್ತೆರಡು ಸಾವಿರ ಹೆಜ್ಜೆ

ನಮ್ಮದು ಹಗುರ ಕೆಲಸವಂತೆ. ಹಾಗಂತ ಆಸ್ಪತ್ರೆಯ ಕಾಗದದಲ್ಲಿದೆ. ಬರೆದವನು ಯಾರೋ ಗೊತ್ತಿಲ್ಲ. ಅವನ ಕೈಗೆ ಒಂದು ಒದ್ದೆ ಕಂಬಳಿ ಕೊಟ್ಟು, ಇದನ್ನು ಹಿಡಿದುಕೊಂಡು ಐದು ನಿಮಿಷ ನಿಲ್ಲಪ್ಪಾ ಎಂದು ಹೇಳುವ ಆಸೆ ನನಗೆ ಹದಿನಾಲ್ಕು ವರ್ಷದಿಂದ ಇದೆ.

ಆಸ್ಪತ್ರೆ ದೊಡ್ಡದು. ಆರು ಮಹಡಿ. ಆರೂ ಮಹಡಿಯ ಕೊಳೆ ಇಳಿದು ಬರುವುದು ನೆಲಮಾಳಿಗೆಗೆ. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಡಾಕ್ಟರ ಹಸಿರು ಅಂಗಿ, ರೋಗಿಗಳ ಬೆನ್ನು ಮುಚ್ಚದ ನಿಲುವಂಗಿ. ರಕ್ತ, ಕೀವು, ವಾಂತಿ, ಹೇಳಬಾರದ್ದು, ಹೇಳಿದರೆ ನೀವು ಊಟ ಬಿಡುವಂಥದ್ದು. ಒಗೆಯುವುದು ಯಂತ್ರ. ಯಂತ್ರಕ್ಕೆ ತುಂಬುವುದು, ಯಂತ್ರದಿಂದ ಎಳೆಯುವುದು, ಟ್ರಾಲಿಗೆ ಹೇರುವುದು, ಇಳಿಜಾರಿನ ದಾರಿಯಲ್ಲಿ ಮೇಲಕ್ಕೆ ತಳ್ಳಿಕೊಂಡು ಹೋಗಿ ಒಣಗಿಸುವ ಕೋಣೆಗೆ ಮುಟ್ಟಿಸುವುದು ನಾವು. ಇಪ್ಪತ್ತೆರಡು ಹೆಂಗಸರು, ಹನ್ನೊಂದು ಟ್ರಾಲಿ. ಒಂದೊಂದಕ್ಕೆ ಇಬ್ಬಿಬ್ಬರು.

ಮೇಲೆ ಇಸ್ತ್ರಿ ಕೋಣೆಯಲ್ಲಿ ಗಂಡಸರಿದ್ದಾರೆ. ಅಲ್ಲೊಂದು ದೊಡ್ಡ ಯಂತ್ರ. ಒಂದು ಕಡೆಯಿಂದ ಬಟ್ಟೆ ಮುದುಡಿಕೊಂಡು ಹೋಗುತ್ತದೆ, ಇನ್ನೊಂದು ಕಡೆಯಿಂದ ಕಾಗದದ ಹಾಗೆ ಬರುತ್ತದೆ. ನಡುವೆ ಒಂದು ಕೆಂಪು ಗುಂಡಿ. ಗುಂಡಿ ಒತ್ತುವವನಿಗೆ ಒಂದು ಸ್ಟೂಲು. ಅದು ಭಾರದ ಕೆಲಸ. ಯಾಕೆಂದರೆ ಯಂತ್ರ ಭಾರ ಇದೆ. ಭಾರದ ಕೆಲಸದವರಿಗೆ ನಮ್ಮ ಒಂದೂವರೆ ಪಟ್ಟು ಸಂಬಳ, ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ, ಬೆನ್ನು ಚಾಚಲು ಮಂಚ. ನಮಗೆ ಮಂಚ ಯಾಕೆ? ಹಗುರವಾಗಿಯೇ ಇದ್ದೇವಲ್ಲ, ಗಾಳಿಯಲ್ಲೇ ತೇಲಬಹುದು.

ನನ್ನ ಜೊತೆ ಏಳನೇ ನಂಬರಿನ ಟ್ರಾಲಿ ತಳ್ಳುವವರು ನನ್ನ ಅತ್ತೆ. ಮದುವೆಯಾದ ಮೂರನೇ ತಿಂಗಳಿಗೆ ನನ್ನನ್ನು ಇಲ್ಲಿಗೆ ಸೇರಿಸಿದವರೂ ಅವರೇ. ನನ್ನ ಮುಖಕ್ಕಿಂತ ಮೊದಲು ತೋಳು ನೋಡಿ ಒಪ್ಪಿದ್ದರು ಎಂದು ಆಮೇಲೆ ತಿಳಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮಗೆ ಇಬ್ಬರಿಗೂ ಒಂದೇ ಟ್ರಾಲಿ. ಅದರ ಮುಂದಿನ ಎಡಚಕ್ರ ತಿರುಗುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಾವು ನೇರ ತಳ್ಳಿದರೆ ಅದು ಗೋಡೆಗೆ ಹೋಗುತ್ತದೆ. ಮನೆಯಲ್ಲಿ ನಾವು ಮಾತು ಬಿಟ್ಟು ವಾರವಾಗಿದ್ದರೂ ಇಳಿಜಾರಿನಲ್ಲಿ ಮಾತಾಡಲೇಬೇಕು. “ಬಲಕ್ಕೆ!” “ನಿಮ್ಮ ಬಲವೋ ನನ್ನ ಬಲವೋ ಅತ್ತೆ?” “ಇಬ್ರೂ ಒಂದೇ ಕಡೆ ನೋಡ್ತಿದೀವಲ್ಲೇ, ಬಲ ಎರಡು ಎಲ್ಲಿಂದ ಬರುತ್ತೆ?” ಅವರ ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ದಿನ ಮನೆಗೆ ಬರುತ್ತಾನೆ. ಬಂದವನಿಗೆ ನಾವು ಜಗಳದಲ್ಲಿದ್ದೇವೋ ರಾಜಿಯಲ್ಲಿದ್ದೇವೋ ತಿಳಿಯುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ.

ನಮ್ಮ ಮೇಲೆ ಒಬ್ಬ ಮೇಸ್ತ್ರಿ. ನಾವು ಇಟ್ಟ ಹೆಸರು ಬೀಸಣಿಗೆ. ಅವನಿಗೆ ಬಾಯಿ ತೆರೆದರೆ ಕೈ ಏಳಬೇಕು. “ಬೇಗ” ಅನ್ನಲು ಒಂದು ಕೈ, “ಬೇಗ ಬೇಗ” ಅನ್ನಲು ಎರಡು ಕೈ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ನಮ್ಮನ್ನು ಬಯ್ಯುವುದು ಅವನ ಉದ್ಯೋಗ. ಸೆಕೆಯ ದಿನ ಅವನ ಬೈಗುಳಕ್ಕೆ ಹತ್ತಿರ ನಿಂತರೆ ಸ್ವಲ್ಪ ತಂಪಾಗುತ್ತದೆ. ಅಷ್ಟು ಉಪಕಾರ ಅವನಿಂದ ಆಗಿದೆ, ಇಲ್ಲ ಅನ್ನಬಾರದು.

ಹೀಗಿರುವಾಗ ಅರ್ಥಶಾಸ್ತ್ರದ ಮೇಡಂ ಬಂದರು. ಸಂಶೋಧನೆ ಮಾಡುವವರು. ತೆಳ್ಳಗೆ, ಕನ್ನಡಕ, ಹೆಗಲಲ್ಲಿ ಬಟ್ಟೆಯ ಚೀಲ. ದುಡಿಮೆಯ ಮಾರುಕಟ್ಟೆಯಲ್ಲಿ ಹೆಣ್ಣು ಗಂಡಿನ ಸಮಾನತೆ ಎಷ್ಟಿದೆ ಎಂದು ಅಳೆಯಲು ಬಂದಿದ್ದೇನೆ ಎಂದರು.

“ಎಲ್ಲಿದೆ ಮೇಡಂ ಆ ಮಾರ್ಕೆಟ್ಟು?” ಅತ್ತೆ ಕೇಳಿದರು. “ನಾವೂ ಒಂದು ಸಲ ಹೋಗಿ ನಮ್ಮ ರೇಟು ಕೇಳ್ಕೊಂಡು ಬರ್ತೀವಿ.”

ಮೇಡಂ ನಕ್ಕರು. ಒಳ್ಳೆಯವರು. ಅದನ್ನು ಈಗಲೂ ಹೇಳುತ್ತೇನೆ. ಅರವತ್ತನಾಲ್ಕು ಪ್ರಶ್ನೆಗಳ ಹಾಳೆ ತಂದಿದ್ದರು.

“ಮನೇಲಿ ಮುಖ್ಯವಾದ ನಿರ್ಧಾರ ಯಾರು ತಗೋತಾರಮ್ಮ?”

“ನಾನು,” ಎಂದರು ಅತ್ತೆ.

“ಅತ್ತೆ,” ಎಂದೆ ನಾನು.

“ಗಂಡಸರು?”

“ಹೇಳ್ತೀವಿ ಅವ್ರಿಗೂ. ಆದ್ಮೇಲೆ,” ಎಂದರು ಅತ್ತೆ.

ಮೇಡಂ ಏನೋ ಬರೆದುಕೊಂಡರು. “ಕೆಲಸದ ಜಾಗದಲ್ಲಿ ಬೆಳವಣಿಗೆಗೆ ಅವಕಾಶ ಇದೆಯಾ?”

“ಇದೆ ಮೇಡಂ,” ಎಂದು ಅತ್ತೆ ಮೀನಖಂಡ ತೋರಿಸಿದರು. ಹಗ್ಗದಂತೆ ಗಂಟುಗಂಟಾದ ನರ. “ಹೋದ ವರ್ಷ ಮಂಡಿ ತನಕ ಇತ್ತು. ಈಗ ಮೇಲಕ್ಕೂ ಹೋಗಿದೆ.”

ಮೇಡಂಗೆ ಕಣ್ಣು ಒದ್ದೆಯಾಯಿತು. ಚೀಲದಿಂದ ಕಪ್ಪು ಪಟ್ಟಿಗಳನ್ನು ತೆಗೆದರು. ಕೈಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟುವಂಥವು. ಎಷ್ಟು ಹೆಜ್ಜೆ ನಡೆದೆವು ಎಂದು ಅದು ತಾನಾಗಿ ಎಣಿಸುತ್ತದಂತೆ. ನಮಗೆಲ್ಲ, ಇಸ್ತ್ರಿಯವರಿಗೆಲ್ಲ, ಬೀಸಣಿಗೆಗೂ ಒಂದೊಂದು. ಹದಿನಾಲ್ಕು ದಿನ ಬಿಚ್ಚಬಾರದು. ಅಂಕಿ ಕಾಣುವ ಕಡೆ ಅಂಟುಪಟ್ಟಿ ಹಚ್ಚಿದ್ದರು. ನೋಡಿದರೆ ಆಸೆಗೆ ಬಿದ್ದು ಜಾಸ್ತಿ ನಡೆದುಬಿಡುತ್ತೇವಂತೆ, ಫಲಿತಾಂಶ ಕೆಡುತ್ತದಂತೆ.

“ನೀವು ಗಂಡಸರಿಗಿಂತ ಜಾಸ್ತಿ ದುಡೀತೀರಿ. ನನಗೆ ಗೊತ್ತು,” ಎಂದರು ಮೇಡಂ. “ಆದ್ರೆ ಸಾಬೀತಾಗ್ಬೇಕು. ಸಾಬೀತಾದ್ರೆ ನಿಮ್ಮದನ್ನ ಭಾರದ ಕೆಲಸ ಅಂತ ಅವರು ಬರೀಲೇಬೇಕು.”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ?” ಎಂದರು ಅತ್ತೆ.

“ಮ್ಯಾನೇಜರಿಗೆ ಕನ್ನಡಿನೇ ಬೇಕಮ್ಮ. ಹುಣ್ಣು ಅವರಿಗೆ ಕಾಣಲ್ಲ.”

ಆ ಮಾತು ನಮಗೆಲ್ಲ ಹಿಡಿಸಿತು. ಭಾರದ ಕೆಲಸ ಎಂದಾದರೆ ಮಂಚ. ಅತ್ತೆಗೆ ಐವತ್ತಾರು. ಅವರ ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ. ದಿನಕ್ಕೆ ಅರ್ಧ ಗಂಟೆ ಅವರು ಕಾಲು ಚಾಚಿದರೆ ಇನ್ನೂ ನಾಲ್ಕು ವರ್ಷ ತಳ್ಳಬಹುದು. ಇಲ್ಲದಿದ್ದರೆ ಇಲ್ಲ. ನನಗೆ ಬೇಕಾಗಿದ್ದು ಅಷ್ಟೇ.

ಹದಿನಾಲ್ಕು ದಿನ ನಾವು ಕತ್ತೆಯ ಹಾಗೆ ದುಡಿದೆವು. ಮೊದಲೂ ಹಾಗೆಯೇ ದುಡಿಯುತ್ತಿದ್ದೆವು, ಈಗ ಎಣಿಸುವವರಿದ್ದಾರೆ ಎಂಬ ಹುರುಪು. ಒಂದು ಟ್ರಾಲಿಯಲ್ಲಿ ಇನ್ನೂರು ಕಿಲೋ ಒದ್ದೆ ಬಟ್ಟೆ. ಇಳಿಜಾರಿನ ಬುಡದಲ್ಲಿ ಉಸಿರು ಹಿಡಿಯಬೇಕು. ಎದೆಯನ್ನು ಹಿಡಿಕೆಗೆ ಒತ್ತಿ, ಎರಡೂ ಕೈ ಬಿಗಿದು, ಪಾದದ ಬೆರಳಿಂದ ನೆಲ ಒದ್ದು ತಳ್ಳಬೇಕು. ಕೈ ಅಲುಗಬಾರದು. ಅಲುಗಿದರೆ ಟ್ರಾಲಿ ನಮ್ಮ ಮೇಲೆಯೇ ಬರುತ್ತದೆ. ಮೇಲೆ ಮುಟ್ಟಿದಾಗ ಬೆರಳು ಬಿಡಿಸಲು ಬರುವುದಿಲ್ಲ, ಒಬ್ಬರ ಬೆರಳನ್ನು ಇನ್ನೊಬ್ಬರು ಬಿಡಿಸಬೇಕು. ಹೀಗೆ ದಿನಕ್ಕೆ ಇಪ್ಪತ್ತು ಸಲ. ಆ ಹದಿನಾಲ್ಕು ದಿನ ಇಪ್ಪತ್ತೈದು ಸಲ.

ಬೀಸಣಿಗೆ ಕುರ್ಚಿಯಲ್ಲಿದ್ದ. ಸೊಳ್ಳೆ ಹೊಡೆದ. ನಮ್ಮನ್ನು ಬಯ್ದ. ಫೋನಿನಲ್ಲಿ ಬಾಮೈದನೊಡನೆ ಜಗಳವಾಡಿದ. ಆ ಬಾಮೈದ ಏನು ಮಾಡಿದ್ದನೋ, ದಿನಾ ಎರಡು ಗಂಟೆ ಬೇಕಾಗುತ್ತಿತ್ತು.

ಹದಿನೈದನೇ ದಿನ, ಪಟ್ಟಿ ಇನ್ನೂ ಕೈಯಲ್ಲಿರುವಾಗಲೇ, ಮೇಡಂ ಅದರ ಲೆಕ್ಕವನ್ನು ತಮ್ಮ ಫೋನಿಗೆ ಇಳಿಸಿಕೊಂಡರು. ಆಮೇಲೆ ಆರನೇ ಮಹಡಿಯ ಸಭಾಂಗಣಕ್ಕೆ ಕರೆದರು. ಅಷ್ಟು ವರ್ಷದಲ್ಲಿ ನಾವು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಮೆತ್ತನೆಯ ಕುರ್ಚಿಗಳು. ನಮ್ಮ ಬಟ್ಟೆ ಒದ್ದೆ ಇದೆ, ಕುರ್ಚಿ ಹಾಳಾಗುತ್ತದೆ ಎಂದು ನಮ್ಮನ್ನು ಗೋಡೆ ಬದಿಗೆ ನಿಲ್ಲಿಸಿದರು. ಇಸ್ತ್ರಿಯವರು ಕೂತರು. ಸಮಾನತೆಯ ಬಗ್ಗೆ ಸಭೆ.

ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಪರದೆಯ ಮೇಲೆ ಬಣ್ಣದ ಕಂಬಗಳು ಬಂದವು. ಹಸಿರು ಕಂಬ ಇಸ್ತ್ರಿಯವರದು: ದಿನಕ್ಕೆ ಆರು ಸಾವಿರ ಹೆಜ್ಜೆ. ಕೆಂಪು ಕಂಬ ನಮ್ಮದು. ಕಂಬ ಅನ್ನುವ ಹಾಗಿರಲಿಲ್ಲ, ಹೊಸ್ತಿಲಿನ ಹಾಗಿತ್ತು. ಎರಡು ಸಾವಿರ. ಆಮೇಲೆ ಪರದೆಯ ತುದಿ ಮುಟ್ಟುವ ಒಂದು ನೀಲಿ ಕಂಬ ಎದ್ದಿತು. ಬೀಸಣಿಗೆಯದು. ಇಪ್ಪತ್ತೆರಡು ಸಾವಿರ.

ಮ್ಯಾನೇಜರು ಚಪ್ಪಾಳೆ ತಟ್ಟಿದರು. ಬೀಸಣಿಗೆ ಎದ್ದು ನಿಂತು, “ಎಲ್ಲಾ ನಿಮ್ಮ ಆಶೀರ್ವಾದ ಸಾರ್,” ಎಂದು ಎರಡೂ ಕೈ ಬೀಸಿ ಮಾತಾಡಿದ. ಇಷ್ಟೊಂದು ನಡೆಯುತ್ತಿದ್ದೆ ಎಂದು ಪಾಪ ಅವನಿಗೇ ಗೊತ್ತಿರಲಿಲ್ಲ. ಅಂದಿನಿಂದ ಸ್ವಲ್ಪ ಕುಂಟಲು ಶುರುಮಾಡಿದ.

“ಇದು ನಾನು ನಿರೀಕ್ಷಿಸಿದ್ದಲ್ಲ,” ಎಂದರು ಮೇಡಂ ಸಣ್ಣ ದನಿಯಲ್ಲಿ. “ಆದ್ರೆ ಅಂಕಿ ಅಂಶ ಹೀಗೆ ಹೇಳ್ತಿದೆ.”

ಮ್ಯಾನೇಜರು ಎದ್ದರು. “ಎರಡು ಸಾವಿರ ಹೆಜ್ಜೆಗೆ ಇಬ್ಬರು ಯಾಕ್ರೀ? ನಮ್ಮ ನಾಯಿ ಇದಕ್ಕಿಂತ ಜಾಸ್ತಿ ನಡೆಯುತ್ತೆ. ಮುಂದಿನ ತಿಂಗಳಿಂದ ಟ್ರಾಲಿಗೆ ಒಬ್ಬರು. ಯಾರಿರಬೇಕು, ಯಾರು ಹೋಗಬೇಕು, ನೀವೇ ಮಾತಾಡ್ಕೊಂಡು ಬರೆದುಕೊಡಿ. ಎಲ್ಲ ಪ್ರಜಾಪ್ರಭುತ್ವದ ಪ್ರಕಾರ ಆಗ್ಲಿ.”

ಟ್ರಾಲಿಗೊಂದರಂತೆ ಹನ್ನೊಂದು ಹಾಳೆ ಹಂಚಿದರು. ಅದರಲ್ಲಿ ಒಂದೇ ಸಾಲು. “ಈ ಟ್ರಾಲಿಗೆ ಅಗತ್ಯವಿಲ್ಲದ ವ್ಯಕ್ತಿ,” ಮುಂದೆ ಖಾಲಿ ಗೆರೆ.

ನೆಲಮಾಳಿಗೆಗೆ ಇಳಿದು ಬಂದೆವು. ಅಕ್ಕತಂಗಿಯರ ಹಾಗಿದ್ದ ಜೋಡಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಏಳನೇ ನಂಬರಿನ ಹಾಳೆ ನನ್ನ ಕೈಯಲ್ಲಿತ್ತು. ಅತ್ತೆಗೆ ಓದಲು ಬರುವುದಿಲ್ಲ. ನಾನೇ ಬರೆಯಬೇಕು.

“ನನ್ನ ಹೆಸರು ಬರಿ,” ಎಂದರು ಅತ್ತೆ.

“ಹೋಗಿ ಅತ್ತೆ.”

“ಹೋಗೋಕೇ ಹೇಳ್ತಿರೋದು. ಬರಿ.”

“ನೀವು ಹೋದ್ರೆ ನಾನೊಬ್ಳೇ ಇನ್ನೂರು ಕಿಲೋ ತಳ್ಳೋದಾ? ಅರ್ಧ ದಾರೀಲಿ ಟ್ರಾಲಿ ನನ್ನ ಮೇಲೆ ಹತ್ತುತ್ತೆ. ಆಮೇಲೆ ನಿಮ್ಮ ಮಗನಿಗೆ ಏನು ಹೇಳ್ತೀರಿ?”

“ಹೇಳ್ತೀನಿ, ಆದ್ಮೇಲೆ.”

ನಗು ಬರಬೇಕಿತ್ತು. ಅಳು ಬಂತು. ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ನಾಲ್ಕು ದಿನ ಮಾತು ಬಿಡುವ ಹೆಂಗಸು, ಇಲ್ಲಿ ತನ್ನನ್ನೇ ಅಗತ್ಯವಿಲ್ಲದವಳು ಎಂದು ಬರೆ ಅನ್ನುತ್ತಿದ್ದಾಳೆ. ಅದೂ ನನಗಾಗಿ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ತಿಳಿಯದೆ ಅತ್ತೆಯ ಮೇಲೆಯೇ ರೇಗಿದೆ. ಅವರು ಅದಕ್ಕಿಂತ ಜೋರಾಗಿ ರೇಗಿದರು. ಕೋಪದಲ್ಲಿ ತಮ್ಮ ಪಟ್ಟಿಯ ಅಂಟುಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತು ಉಗಿದರು.

“ಎಷ್ಟಿದೆ ನೋಡೇ ಇದ್ರಲ್ಲಿ.”

“ಇವತ್ತಿಂದು, ಸಾವಿರದ ನಲವತ್ತು.”

“ತಳ್ಳು.”

ತಳ್ಳಿದೆವು. ತುಂಬಿದ ಟ್ರಾಲಿ, ಬುಡದಿಂದ ತುದಿಯವರೆಗೆ. ಎಂಬತ್ತು ಹೆಜ್ಜೆ, ನಾನೇ ಬಾಯಲ್ಲಿ ಎಣಿಸಿದೆ. ಮೇಲೆ ನಿಂತು ನೋಡಿದೆ. ಸಾವಿರದ ನಲವತ್ತು. ಒಂದೂ ಏರಿರಲಿಲ್ಲ.

ಅತ್ತೆ ಉಸಿರು ಬಿಡುತ್ತಾ, “ಕೆಟ್ಟಿದ್ಯಾ ಇದು? ಬೇವರ್ಸಿ ಪಟ್ಟಿ,” ಎಂದು ಕೈ ಒದರಿದರು. ಬುಸಬುಸ ಬೀಸಿದರು. ಅಂಕಿ ಓಡತೊಡಗಿತು. ಸಾವಿರದ ನಲವತ್ತೈದು, ಐವತ್ತು, ಅರವತ್ತು.

ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಆಮೇಲೆ ಒಂದೇ ಸಲ ಅರ್ಥವಾಯಿತು. ಆ ಪಟ್ಟಿ ಕಾಲನ್ನು ನೋಡುವುದೇ ಇಲ್ಲ. ಕೈ ಬೀಸಿದ್ದನ್ನು ಎಣಿಸುತ್ತದೆ. ಕೈ ಬೀಸಿ ಚಹಾಕ್ಕೆ ಹೋಗಿಬಂದವರಿಗೆ ಆರು ಸಾವಿರ. ಕುರ್ಚಿಯಲ್ಲಿ ಕೂತು ಸೊಳ್ಳೆ ಹೊಡೆದವನಿಗೆ ಇಪ್ಪತ್ತೆರಡು ಸಾವಿರ. ಹಿಡಿಕೆ ಬಿಗಿಹಿಡಿದು ತಳ್ಳಿದವರಿಗೆ ಸೊನ್ನೆ. ನಮಗೆ ಸಿಕ್ಕಿದ ಎರಡು ಸಾವಿರ, ಖಾಲಿ ಕೈಯಲ್ಲಿ ಕಕ್ಕಸಿಗೆ ಹೋಗಿ ಬಂದದ್ದು.

ಸುದ್ದಿ ಇಳಿಜಾರಿನಲ್ಲಿ ಉರುಳಿತು. ಇಪ್ಪತ್ತೆರಡು ಹೆಂಗಸರು ಅಂಟುಪಟ್ಟಿ ಕಿತ್ತು, ನಿಂತಲ್ಲೇ ನಿಂತು ಕೈ ಬೀಸಿದರು. “ನಾನು ಪಕ್ಕದ ಊರು ಮುಟ್ಟಿದೆ ಕಣೇ!” “ನಾನು ತಿರುಗಿ ಬರ್ತಾ ಇದೀನಿ!” ಎರಡನೇ ನಂಬರಿನವಳು ನಕ್ಕು ನಕ್ಕು ಒದ್ದೆ ಬಟ್ಟೆಯ ಗುಡ್ಡೆಯ ಮೇಲೆ ಬಿದ್ದಳು. ಬೀಸಣಿಗೆ ಓಡಿಬಂದು, “ಏನ್ರೇ ಇದು ಕುಣಿತ!” ಎಂದು ಎರಡು ಕೈ ಎತ್ತಿದ. ನಾವು ಇನ್ನಷ್ಟು ನಕ್ಕೆವು.

ಮೇಡಂ ಕೆಳಗೆ ಬಂದರು. ಅತ್ತೆ ತೋರಿಸಿದರು: ತಳ್ಳಿ ಒಂದು ಸಲ, ಬೀಸಿ ಒಂದು ಸಲ. ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಅಯ್ಯೋ,” ಎಂದರು. “ಅಯ್ಯೋ ಅಮ್ಮ. ನಾನು ಒಂದು ಸಲನಾದ್ರೂ ತಳ್ಳಿ ನೋಡ್ಬೇಕಿತ್ತು.”

“ಈಗ ತಿದ್ದಿ.”

“ವರದಿ ಮ್ಯಾನೇಜರಿಗೆ ಕೊಟ್ಟಾಯ್ತು. ಆದ್ರೂ ಹೋಗಿ ಹೇಳ್ತೀನಿ.” ಹೋದರು. ಹತ್ತು ನಿಮಿಷದಲ್ಲಿ ಬಂದರು. ಒಮ್ಮೆ ಒಪ್ಪಿಕೊಂಡ ವರದಿಯನ್ನು ಬದಲಾಯಿಸುವ ಪದ್ಧತಿ ಇಲ್ಲವಂತೆ. “ಮುಂದಿನ ಅಧ್ಯಯನದಲ್ಲಿ ನೋಡೋಣ ಅಂದ್ರು,” ಎಂದು ಮೇಡಂ ನೆಲ ನೋಡಿದರು. ಮುಂದಿನ ಅಧ್ಯಯನದ ಹೊತ್ತಿಗೆ ನಾವು ಹನ್ನೊಂದು ಜನ ಇರುತ್ತೇವೆ.

ಆಗ ನಾನು ಹಾಳೆ ಬಿಡಿಸಿದೆ. ಖಾಲಿ ಗೆರೆಯ ಮೇಲೆ ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಉಳಿದವರು ತಮ್ಮ ಹಾಳೆಗಳನ್ನು ನನಗೇ ಕೊಟ್ಟರು, ನನ್ನ ಅಕ್ಷರ ಚೆನ್ನಾಗಿದೆ ಎಂದು.

ಮರುದಿನ ಬೆಳಗ್ಗೆ ಮ್ಯಾನೇಜರು ಹಾಳೆಗಳನ್ನು ಹಿಡಿದು ನೆಲಮಾಳಿಗೆಗೇ ಇಳಿದು ಬಂದರು. ಅವರು ಇಲ್ಲಿಗೆ ಬಂದಿದ್ದೂ ಅದೇ ಮೊದಲು. ಮೂಗು ಮುಚ್ಚಿಕೊಂಡಿದ್ದರು.

“ಏನ್ರೀ ಇದು? ಹನ್ನೊಂದು ಹಾಳೇಲೂ ಮೇಸ್ತ್ರಿ, ಮೇಸ್ತ್ರಿ, ಮೇಸ್ತ್ರಿ. ಇಪ್ಪತ್ತೆರಡು ಸಾವಿರ ಹೆಜ್ಜೆ ಹಾಕೋ ಮನುಷ್ಯ ಅಗತ್ಯ ಇಲ್ವಾ?”

“ಟ್ರಾಲಿಗೆ ಅಗತ್ಯ ಇಲ್ಲ ಸಾರ್. ಒಂದಿನಾನೂ ಮುಟ್ಟಿಲ್ಲ,” ಎಂದರು ಅತ್ತೆ. “ನೀವು ಅದು ಬೇಡ ಅಂದ್ರೆ ಹೀಗೆ ಮಾಡಿ. ಲೆಕ್ಕದ ಪ್ರಕಾರ ಅವರೊಬ್ರು ನಾವು ಹನ್ನೊಂದು ಜನಕ್ಕೆ ಸಮ. ಒಂದು ಟ್ರಾಲಿ ಒಬ್ರೇ ತಳ್ಳಬಹುದು ಅಂತ ಅವರೇ ತೋರಿಸ್ಲಿ. ನಾವು ಕಲೀತೀವಿ.”

ಮ್ಯಾನೇಜರಿಗೆ ಅಂಕಿಯ ಮೇಲೆ ನಂಬಿಕೆ. ಬೀಸಣಿಗೆಯ ಕಡೆ ತಿರುಗಿದರು. ಬೀಸಣಿಗೆ ನಮ್ಮ ಕಡೆ ನೋಡಿದ. ನಾವು ಕೈ ಕಟ್ಟಿಕೊಂಡು ಗೋಡೆಗೆ ಒರಗಿದೆವು. ಏಳನೇ ನಂಬರನ್ನೇ ಕೊಟ್ಟೆವು.

ಅವನು ತಳ್ಳಿದ. ಸುಳ್ಳು ಹೇಳಬಾರದು, ಅರ್ಧ ದಾರಿಯವರೆಗೆ ತಳ್ಳಿದ. ಮುಖ ಕೆಂಪಾಯಿತು, ಕತ್ತಿನ ನರ ಎದ್ದಿತು, ಬಾಯಿಂದ ನಾಯಿ ಏದುವ ಸದ್ದು ಬಂತು. ಚಕ್ರ ಗೋಡೆಗೆ ಎಳೆಯುತ್ತಿತ್ತು. ಆಗ ಮ್ಯಾನೇಜರು ಕೆಳಗಿನಿಂದ, “ಹೇಗಿದೆ ಮೇಸ್ತ್ರಿ? ಹಗುರ ತಾನೇ?” ಎಂದು ಕೇಳಿದರು. ಮೇಲಿನವರು ಕೇಳಿದ ಮೇಲೆ ಉತ್ತರ ಕೊಡಬೇಕು. ಬೀಸಣಿಗೆ ಅವರ ಕಡೆ ತಿರುಗಿ, “ತುಂಬಾ ಹಗುರ ಸಾ...” ಎಂದು ಎರಡೂ ಕೈ ಎತ್ತಿದ.

ಇನ್ನೂರು ಕಿಲೋ ಹಿಂದಕ್ಕೆ ಬಂತು. ಅವನು ಪಕ್ಕಕ್ಕೆ ಹಾರಿದ್ದರಿಂದ ಬದುಕಿದ. ಟ್ರಾಲಿ ಕೆಳಗೆ ಬಂದು ಕಂಬಕ್ಕೆ ಬಡಿದು ಮಗುಚಿತು. ಅದರಿಂದ ಹಾರಿದ ಮೂವತ್ತು ಒದ್ದೆ ಹಾಸುಬಟ್ಟೆಗಳಲ್ಲಿ ಎಂಟು ಹತ್ತು ಮ್ಯಾನೇಜರ ಮೇಲೆ ಬಿದ್ದವು. ಒಂದು ಬೆನ್ನಿಲ್ಲದ ನಿಲುವಂಗಿ ಅವರ ತಲೆಯಿಂದ ಇಳಿದು ಸರಿಯಾಗಿ ತೊಡಿಸಿದಂತೆ ಕೂತುಕೊಂಡಿತು. ನಾವು ಯಾರೂ ನಗಲಿಲ್ಲ. ತುಟಿ ಕಚ್ಚಿಕೊಂಡು ಅವರನ್ನು ಬಿಡಿಸಿ, ಒರೆಸಿ, ಮೇಲಕ್ಕೆ ಕಳಿಸಿದೆವು. ಆಮೇಲೆ ಬಾಗಿಲು ಹಾಕಿಕೊಂಡು ನಕ್ಕೆವು.

ಮಧ್ಯಾಹ್ನ ಆದೇಶ ಬಂತು. ಬೀಸಣಿಗೆ ತಂದುಕೊಟ್ಟ, ಈಗ ಕುಂಟು ನಿಜದ್ದು. ಎಲ್ಲರೂ ಸುತ್ತ ನಿಂತರು. ನಾನು ಓದಿದೆ.

“ಮಹಿಳೆಯರು ಸ್ವಭಾವತಃ ದುರ್ಬಲರಾದ ಕಾರಣ, ಹಗುರ ಕೆಲಸವಾಗಿದ್ದರೂ ಸಹ, ಟ್ರಾಲಿಗೆ ಇಬ್ಬರನ್ನು ಮುಂದುವರಿಸಲಾಗಿದೆ. ಓದಿ ಒಪ್ಪಿದ್ದೇವೆ. ಸಹಿ.”

“ಉಳೀತಲ್ಲ ಕೆಲಸ,” ಎಂದು ಯಾರೋ ನಿಟ್ಟುಸಿರು ಬಿಟ್ಟರು. ಅತ್ತೆ ಹೆಬ್ಬೆರಳು ಚಾಚಿದರು. “ಇಂಕು ತಾರೇ. ಸಾಕಾಗಿದೆ ನನಗೆ.”

ನಾನು ಆ ಬೆರಳು ಹಿಡಿದುಕೊಂಡೆ. “ಅತ್ತೆ, ಇವತ್ತು ತಳ್ಳೋಕಾಗದೆ ಬಿದ್ದಿದ್ದು ಯಾರು?”

“ಅವನು.”

“ದುರ್ಬಲರು ಅಂತ ಬರೆದಿರೋದು ಯಾರನ್ನ?”

ಅತ್ತೆ ಕಾಗದದ ಕಡೆ ಬಗ್ಗಿದರು. “ಇನ್ನೊಂದ್ಸಲ ಓದು,” ಎಂದರು. ಓದಿದೆ. ಅವರ ಹೆಬ್ಬೆರಳು ನಿಧಾನವಾಗಿ ಮಡಿಚಿಕೊಂಡು ಮುಷ್ಟಿಯೊಳಗೆ ಹೋಯಿತು.

ಆಪರೇಷನ್ ಕೋಣೆಯ ಬಟ್ಟೆ, ಮಕ್ಕಳ ವಾರ್ಡಿನ ಬಟ್ಟೆ ಮೊದಲು ಕಳಿಸಿದೆವು. ರೋಗಿಗಳು ಏನು ತಪ್ಪು ಮಾಡಿದ್ದಾರೆ? ಆಮೇಲೆ ಮೂರು ಟ್ರಾಲಿಗೆ ಒದ್ದೆ ಬಟ್ಟೆ ತುಂಬಿದೆವು. ಮೇಲೆ ತಳ್ಳಿದೆವು. ಒಣಗಿಸುವ ಕೋಣೆಗೆ ತಿರುಗಬೇಕಾದ ಕಡೆ ತಿರುಗಲಿಲ್ಲ. ನೇರ ಹೋದರೆ ಮ್ಯಾನೇಜರ ಕೋಣೆ. ಅದರ ಬಾಗಿಲು ಹೊರಕ್ಕೆ ತೆರೆಯುವಂಥದು. ಒಳಗೆ ಅವರು ಒಣ ಅಂಗಿ ತೊಟ್ಟು ಕೂತಿದ್ದರು. ಮೂರನ್ನೂ ಬಾಗಿಲಿಗೆ ಒತ್ತಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಒಂದು ಬೆರಳಿನಷ್ಟು ಅಲುಗಿತು. ಮತ್ತೆ ಅಲುಗಿತು. “ಯಾರ್ರೀ ಅಲ್ಲಿ? ಬಾಗಿಲು ಬರ್ತಿಲ್ಲ!”

“ಟ್ರಾಲಿ ಇದೆ ಸಾರ್,” ಎಂದರು ಅತ್ತೆ. “ಹಗುರದ್ದೇ. ನೀವು ದುರ್ಬಲರಲ್ವಲ್ಲ, ತಳ್ಳಿಕೊಂಡು ಬನ್ನಿ.”

ಒಳಗಿನಿಂದ ಭುಜ ಕೊಟ್ಟ ಸದ್ದು. ಒಂದು ಸಲ, ಎರಡು ಸಲ. ಆಮೇಲೆ ಕೆಮ್ಮು. ಇಸ್ತ್ರಿಯವರು ಬಂದು ನೋಡಿದರು. ಅವರಲ್ಲಿ ಒಬ್ಬ ಟ್ರಾಲಿಗೆ ಕೈ ಹಾಕಲು ಹೋದ. ಇಪ್ಪತ್ತೆರಡು ಜೋಡಿ ಕಣ್ಣು ಅವನನ್ನು ನೋಡಿದವು. ಅವನು ಚಹಾ ಕುಡಿಯಲು ಹೋದ. ಮೇಡಂ ಓಡಿಬಂದರು. ನಮ್ಮ ಮುಖ ನೋಡಿದರು, ಬಾಗಿಲು ನೋಡಿದರು, ಚೀಲವನ್ನು ಗೋಡೆಯ ಪಕ್ಕ ಇಟ್ಟು ನಮ್ಮ ಜೊತೆ ನೆಲದ ಮೇಲೆ ಕೂತರು.

“ಏನು ಬೇಕ್ರಮ್ಮ ನಿಮಗೆ?” ಒಳಗಿನ ದನಿ ಈಗ ಮೆತ್ತಗಿತ್ತು.

“ಎರಡು ಮಾತು ತಿದ್ದಿ ಸಾರ್,” ಎಂದೆ ನಾನು. “ದುರ್ಬಲ ಅನ್ನೋದು ತೆಗೀರಿ. ಹಗುರ ಅನ್ನೋದು ತೆಗೆದು ಭಾರ ಅಂತ ಬರೀರಿ. ಸಹಿ ನೀವು ಹಾಕಿ, ನಾವಲ್ಲ.” ಆದೇಶವನ್ನು ಬಾಗಿಲ ಕೆಳಗಿನಿಂದ ಒಳಗೆ ದೂಡಿದೆ.

ಒಳಗೆ ಕುರ್ಚಿ ಎಳೆದ ಸದ್ದು. ಆಮೇಲೆ ಪೆನ್ನಿನ ಸದ್ದು. ಕಾಗದ ಬಾಗಿಲ ಕೆಳಗಿನಿಂದ ತಿರುಗಿ ಬಂತು. ಅತ್ತೆ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು.

“ಓದು.”

“ದುರ್ಬಲ ಹೊಡೆದು ಹಾಕಿದ್ದಾರೆ.”

“ಮತ್ತೆ? ಹಗುರ?”

“ಅದನ್ನೂ ಹೊಡೆದಿದ್ದಾರೆ. ಅದರ ಮೇಲೆ ‘ಸಾಧಾರಣ’ ಅಂತ ಬರೆದಿದ್ದಾರೆ.”

ಅತ್ತೆ ಗೋಡೆ ಹಿಡಿದು, ಮಂಡಿ ಕಟಕಟ ಅನ್ನಿಸಿಕೊಂಡು ಎದ್ದು ನಿಂತರು. ಕಾಗದವನ್ನು ಬಾಗಿಲ ಕೆಳಗೆ ಹಾಗೆಯೇ ವಾಪಸು ತಳ್ಳಿದರು.

“ಇನ್ನೂ ನಾಲ್ಕು ಟ್ರಾಲಿ ತನ್ರೇ,” ಎಂದರು.

ನಾವು ಇಳಿಜಾರಿನ ಕಡೆ ಹೊರಟೆವು.